ಬಾಯಿಬಿಟ್ಟು ಓಡಿಸಿದವಳು

ಸಾರಿಗೆ ಕಚೇರಿಯ ಗೇಟು ದಾಟುವ ಮೊದಲೇ ಕಾರು ಒಮ್ಮೆ ಮುಗ್ಗರಿಸಿ ನಿಂತುಹೋಯಿತು. ಪಕ್ಕದ ಸೀಟಿನಲ್ಲಿದ್ದ ಪರೀಕ್ಷಾಧಿಕಾರಿ ತೊಡೆಯ ಮೇಲಿನ ಹಾಳೆಯಲ್ಲಿ ಒಂದು ಗೆರೆ ಎಳೆದ. "ಇದು ಒಂದು ಸಲ. ಇನ್ನೊಂದು ಸಲ ನಿಂತ್ರೆ ಇಳಿದು ಮನೆಗೆ ಹೋಗ್ಬಹುದು." ಸಿಟ್ಟೇನೂ ಇರಲಿಲ್ಲ. ಬೆಳಗಿನಿಂದ ಹನ್ನೊಂದು ಜನಕ್ಕೆ ಅದನ್ನೇ ಹೇಳಿ ಸವೆದ ದನಿ.

ಇಸ್ತ್ರಿಯಕ್ಕ ಸ್ಟಿಯರಿಂಗ್ ಹಿಡಿದು ಕೂತೇ ಇದ್ದಳು. ಲಾಂಡ್ರಿಯಲ್ಲಿ ಒಂಬತ್ತು ವರ್ಷ ನಿಂತು ಇಸ್ತ್ರಿ ಮಾಡಿದವಳು; ಈಗ ಮೆಟ್ಟಿಲು ಕಂಡರೆ ಅವಳ ಮಂಡಿಗಳು ಮುಷ್ಕರ ಹೂಡುತ್ತಿದ್ದವು. ಲಾಂಡ್ರಿ ವ್ಯಾನಿನ ಡ್ರೈವರ್ ಕೆಲಸ ಬಿಟ್ಟಿದ್ದ. ಸೋಮವಾರದೊಳಗೆ ಲೈಸೆನ್ಸ್ ತಂದರೆ ವ್ಯಾನು ನಿನಗೆ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಮಾಲೀಕ ಹೇಳಿಯಾಗಿತ್ತು. ಈ ದಿನ ಶುಕ್ರವಾರ. ಇದು ಅವಳ ನಾಲ್ಕನೇ ಪರೀಕ್ಷೆ.

ಓಡಿಸಲು ಬಾರದೆ ಅಲ್ಲ. ಅವಳಿಗೊಂದು ಚಾಳಿಯಿತ್ತು. ಕೈ ಆಡಬೇಕಾದರೆ ಬಾಯಿಯೂ ಆಡಬೇಕು. ಇಸ್ತ್ರಿಪೆಟ್ಟಿಗೆಯಾಗಲಿ, ಬಾಗಿಲ ಚಿಲಕವಾಗಲಿ, ಮಾತಾಡಿಸದೆ ಮುಟ್ಟಿದವಳಲ್ಲ. ಅಂಗಿಯ ಕಾಲರಿಗೂ "ತಲೆ ಎತ್ತೋ, ಯಾಕೆ ನಾಚ್ಕೋತೀಯ" ಎನ್ನುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಬೇರೊಬ್ಬ ಅಧಿಕಾರಿ 'ಗಮನವಿಲ್ಲ, ವಟಗುಟ್ಟುತ್ತಾರೆ' ಎಂದು ಬರೆದು ಕಳಿಸಿದ್ದ. ಮನೆಯವರಿಗೆ ತಿಂಗಳುಗಟ್ಟಲೆ ನಗಲು ಅಷ್ಟು ಸಾಕಾಯಿತು. "ಅಲ್ಲಾದ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ ಅಕ್ಕಾ, ನಿನ್ನ ದಮ್ಮಯ್ಯ," ಎಂದಿದ್ದಳು ತಂಗಿ. ಹಾಕಿಕೊಂಡಳು. ಬಾಯಿ ಮುಚ್ಚಿದ್ದೇ ತಡ, ಯಾವ ಕಾಲು ಕ್ಲಚ್ಚಿಗೆ, ಯಾವುದು ಬ್ರೇಕಿಗೆ ಎಂಬುದೇ ಮರೆತುಹೋಯಿತು. ಎರಡನೇ ಸಲವೂ ಫೇಲು, ಮೂರನೇ ಸಲವೂ ಫೇಲು. ಇವತ್ತೂ ತುಟಿ ಬಿಗಿದುಕೊಂಡೇ ಹತ್ತಿದ್ದಳು. ಆಗಲೇ ಒಂದು ಗೆರೆ ಬಿದ್ದಿತ್ತು.

"ಸಾರ್, ನಾನು ಮಾತಾಡ್ಕೊಂಡು ಓಡಿಸಲಾ?"

"ನನ್ನ ಜೊತೆನಾ?"

"ಅಯ್ಯೋ, ನಿಮ್ಮ ಜೊತೆ ಏನ್ ಮಾತು. ಗಾಡಿ ಜೊತೆ."

ಅವನು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. "ಬೇಡ ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ."

"ಹಾಗಾದ್ರೆ ನೀವು ದಾರಿ ಹೇಳಿ, ಸಾಕು. ನಡುವೆ ಬಾಯಿ ಹಾಕ್ಬೇಡಿ, ಗಾಡಿಗೆ ಗಲಿಬಿಲಿ ಆಗುತ್ತೆ."

ಕೀ ತಿರುಗಿಸಿದಳು. "ಏಳು ನನ್ನವ್ವ. ಕ್ಲಚ್ಚು ಪೂರ್ತಿ ಒಳಗೆ. ಒಂದನೇ ಗೇರು. ಈಗ ಮೆಲ್ಲಗೆ ಬಿಡ್ತೀನಿ, ಹಾರ್ಬೇಡ." ಕಾರು ಹಾರಲಿಲ್ಲ. ಗೇಟು ದಾಟಿ, ದೊಡ್ಡ ರಸ್ತೆಗೆ ಹೊರಳಿ, ಹೇಳಿದ ಮಾತು ಕೇಳುವ ಮಗುವಿನಂತೆ ಹೊರಟಿತು. "ಹಿಂದೆ ಬಸ್ಸು. ಹೋಗ್ಲಿ ಬಿಡು, ಅವನಿಗೇನೋ ಅವಸರ. ಮುಂದೆ ಸೈಕಲ್ ತಾತ, ಆ ಕಡೆ ಈ ಕಡೆ ವಾಲ್ತಿದಾರೆ, ದೂರದಿಂದಲೇ ಹೋಗು. ನೀಲಿ ಗಾಡಿಯವನು ಇಂಡಿಕೇಟರ್ ಹಾಕಿದಾನೆ, ಆದ್ರೆ ತಿರುಗಲ್ಲ ನೋಡು. ನೋಡಿದ್ಯಾ? ನಾವು ಹಾಗಲ್ಲ."

ಅಧಿಕಾರಿ ತಲೆ ಬಗ್ಗಿಸಿ ಬರೆಯುತ್ತಲೇ, "ಮುಂದೆ ಎಡಕ್ಕೆ ತಗೊಳ್ಳಿ," ಎಂದ.

"ಎಡಕ್ಕಂತೆ. ಇಂಡಿಕೇಟರ್ ಹಾಕ್ದೆ. ಎರಡನೇ ಗೇರು. ಮೂಲೆಯಲ್ಲಿ ಲಾರಿ ನಿಂತಿದೆ, ಅದರ ಹಿಂದೆ ಏನಿದೆಯೋ ಕಾಣಲ್ಲ. ಇವರು ಹೇಳಿದ್ರು ಅಂತ ನುಗ್ಬೇಡ ಕಣೇ. ನಿಧಾನ, ಮೆಲ್ಲಗೆ ಮೂತಿ ಹಾಕು. ಕೆಂಪಗೆ ಏನೋ ಇದೆ... ನಿಲ್ಲು ನಿಲ್ಲು."

ಕಾರು ನಿಂತಿತು, ಇಂಜಿನ್ ನಿಲ್ಲಲಿಲ್ಲ. ಎರಡು ಮಾರು ಮುಂದೆ ರಸ್ತೆಯೇ ಇರಲಿಲ್ಲ. ಪೈಪಿಗಾಗಿ ಅಗೆದ ಗುಂಡಿ, ಅದರ ಅಂಚಿಗೆ ಅಡ್ಡಬಿದ್ದ ಕೆಂಪು ಹಲಗೆ. ಅಧಿಕಾರಿಯ ಪೆನ್ನು ಕಾಲಡಿಗೆ ಉರುಳಿತ್ತು. ಅವನು ಅದನ್ನು ಹುಡುಕಲಿಲ್ಲ.

"ನಿನ್ನೆ ಇರ್ಲಿಲ್ಲ ಇದು," ಎಂದ.

"ನಿನ್ನೆ ಇರ್ಲಿಲ್ವಂತೆ," ಎಂದು ಅವಳು ಕಾರಿಗೆ ತಿಳಿಸಿದಳು. "ಬಿಡು, ಅವರೂ ಮನುಷ್ಯರೇ."

ಈಗ ಹಿಂದಕ್ಕೆ ಹೋಗಬೇಕಿತ್ತು, ಅದೂ ದೊಡ್ಡ ರಸ್ತೆಗೆ. ಹಿಂದಿನಿಂದ ಯಾರೋ ಹಾರ್ನ್ ಬಾರಿಸತೊಡಗಿದರು. ಅವಳು ಎಡಗಾಲಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಿದಳು. ಇಂಜಿನ್ ನಿಂತರೆ ಎರಡನೇ ಗೆರೆ. "ಅವರು ಬಡ್ಕೊಳ್ಲಿ, ನೀನು ನನ್ನ ಮಾತು ಕೇಳು. ರಿವರ್ಸ್. ಬಾ, ಬಾ, ಇನ್ನೂ ಬಾ. ಬಲಗಡೆ ಸ್ಕೂಟರ್ ಅಮ್ಮ, ಅವರು ಹೋಗ್ಲಿ. ಈಗ ಬಾ. ಹಾಂ, ನನ್ನ ಬಂಗಾರ." ಹಾರ್ನ್ ಬಾರಿಸಿದವನು ತಾನೇ ಜಾಗ ಬಿಟ್ಟ.

ಕಚೇರಿಯ ಅಂಗಳದಲ್ಲಿ ಕಾರು ನಿಂತ ಮೇಲೆ ಅಧಿಕಾರಿ ಬಗ್ಗಿ ಪೆನ್ನು ಹುಡುಕಿ ತೆಗೆದು, ಹಾಳೆಗೆ ಸಹಿ ಹಾಕಿದ. "ಪಾಸು. ಸಂಜೆ ಬಂದು ಲೈಸೆನ್ಸ್ ತಗೊಳ್ಳಿ. ಮುಂದೇನು ಓಡಿಸ್ತೀರಿ?"

"ಲಾಂಡ್ರಿ ವ್ಯಾನು ಸಾರ್. ಸೋಮವಾರದಿಂದ."

"ಅದರ ಜೊತೆನೂ ಹೀಗೇನಾ?"

"ಅದು ದೊಡ್ಡದಲ್ವಾ. ಸ್ವಲ್ಪ ಗದರ್ಬೇಕಾಗುತ್ತೆ."

ಅವಳು ಮಂಡಿ ನೀವಿಕೊಳ್ಳುತ್ತ ಇಳಿದಳು. ಆ ಸೀಟಿಗೆ ಮುಂದಿನವನು ಬಂದು ಕೂತ. ದಪ್ಪ ಮೀಸೆಯ, ಕೋಟು ತೊಟ್ಟ, ಉಸಿರೂ ಬಿಡದಂತೆ ಸೆಟೆದ ಮನುಷ್ಯ. ಅಧಿಕಾರಿ ಹೊಸ ಹಾಳೆ ತೆಗೆದ.

"ಕಣ್ಣಿಗೆ ಏನೇನು ಕಾಣುತ್ತೋ ಅದನ್ನ ಬಾಯಿಬಿಟ್ಟು ಹೇಳ್ಕೊಂಡು ಓಡಿಸಿ," ಎಂದ.

ಮೀಸೆಯವನು ಕತ್ತು ತಿರುಗಿಸಿದ. "ಯಾರಿಗೆ ಹೇಳ್ಬೇಕು ಸಾರ್?"

"ಯಾರಿಗೆ ಅಂದ್ರೆ? ಗಾಡಿಗೆ ಕಣ್ರೀ."