ನಾಳೆಯ ಹತ್ತು

"ನಾಳೇದೂ ಇವತ್ತೇ ಒದ್ದುಬಿಡ್ತಾ ಮಗು?"

ಸಿಸ್ಟರ್ ಕಾರ್ಡಿನ ಮೇಲೆ ಬೆರಳಿಟ್ಟು ಕೇಳಿದರು. ಹೊಟ್ಟೆಯೊಳಗಿನ ಮಗು ದಿನಕ್ಕೆ ಎಷ್ಟು ಸಲ ಮಿಸುಕಿತೆಂದು ತುಂಬುಗರ್ಭಿಣಿಯರು ಎಣಿಸಿ ಬರೆಯಬೇಕಾದ ಕಾರ್ಡು ಅದು. ಸೋಮವಾರ ಹತ್ತು, ಮಂಗಳವಾರ ಹತ್ತು, ಬುಧವಾರವೂ ಹತ್ತು. ಇವತ್ತಿನ್ನೂ ಗುರುವಾರ, ಶುಕ್ರವಾರದ ಚೌಕದಲ್ಲಿ ಆಗಲೇ ಹತ್ತು ಬಂದು ಕೂತಿತ್ತು. ಹೋಂವರ್ಕ್ ಮರೆತ ಮಕ್ಕಳ ಹಾಗೆ ಹೊರಗಿನ ಬೆಂಚಿನ ಮೇಲೆ ಕೂತು ಗಡಿಬಿಡಿಯಲ್ಲಿ ತುಂಬಿದ ಕಾರ್ಡುಗಳನ್ನು ಸಿಸ್ಟರ್ ಬೇಕಾದಷ್ಟು ನೋಡಿದ್ದರು. ನಾಳೆಯನ್ನೂ ಬಿಡದ ಪುಣ್ಯಾತ್ಮರನ್ನು ಕಂಡಿದ್ದು ಇದೇ ಮೊದಲು.

"ಬರೆದವಳು ನಾನು, ಅವಳನ್ನ ಬೈಬೇಡಿ," ಎಂದರು ಗರ್ಭಿಣಿ ಸೊಸೆಯ ಜೊತೆಗೆ ಬಂದಿದ್ದ ಅತ್ತೆ. "ಎಣಿಸ್ತಾ ಕೂತು ಸುಮ್ನೆ ಗಾಬರಿ ಬೀಳ್ತಾಳೆ. ಕಾರ್ಡು ತುಂಬಿದ್ರೆ ನೆಮ್ಮದಿಯಾಗಿ ಇರ್ತಾಳೇಂತ ಬರೆದೆ. ನಾವೆಲ್ಲ ಏನು ಲೆಕ್ಕ ಇಟ್ಕೊಂಡು ಹೆತ್ವಾ ಸಿಸ್ಟರೇ?"

ಸಿಸ್ಟರ್‌ಗೆ ನಗು ಬಂತು. ಆದರೆ ಸೊಸೆಯ ಬಿಳಿಚಿದ ಮುಖ ನೋಡಿದ್ದೇ ತಡ, ಕಾರ್ಡನ್ನು ಬದಿಗಿಟ್ಟರು. "ನೀನು ಹೇಳಮ್ಮ. ಇವತ್ತು ಎಷ್ಟು ಸಲ?"

"ನಿನ್ನೆ ಮಧ್ಯಾಹ್ನದಿಂದ ಗೊತ್ತೇ ಆಗಿಲ್ಲ. ನಿನ್ನೆನೇ ಬರೋಣ ಅಂದೆ..."

"ಒಂಬತ್ತು ತುಂಬ್ತಾ ಬಂತು, ಒಳಗೆ ಜಾಗ ಎಲ್ಲಿರತ್ತೆ?" ಅತ್ತೆ ನಡುವೆ ಬಾಯಿ ಹಾಕಿದರು. "ನಿದ್ದೆ ಮಾಡ್ತಿರತ್ತೆ."

"ಜಾಗ ಎಷ್ಟಾದ್ರೂ ಕಮ್ಮಿ ಆಗ್ಲಿ ಅಮ್ಮ, ಮಿಸುಕಾಟ ಕಮ್ಮಿ ಆಗಬಾರದು. ಕಮ್ಮಿ ಅನ್ನಿಸಿದ ತಕ್ಷಣ ಓಡಿ ಬರಬೇಕು!" ಸಿಸ್ಟರ್‌ಗೆ ನಿಜಕ್ಕೂ ಸಿಟ್ಟು ಬಂದಿತ್ತು. ಬೈಯುತ್ತಲೇ ಸೊಸೆಯನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಗೆ ಬೆಲ್ಟು ಕಟ್ಟಿ ಯಂತ್ರ ಹಚ್ಚಿದರು. ಬರೀ ಗರಗರ ಸದ್ದು. ಬೆಲ್ಟನ್ನು ಕೆಳಗೆ ಸರಿಸಿದರು, ಪಕ್ಕಕ್ಕೆ ಸರಿಸಿದರು. ದೇವರೇ, ಇದೊಂದು ಉಳಿಸಪ್ಪ ಎಂದು ಒಳಗೊಳಗೇ ಬೇಡಿಕೊಂಡರು. ಕೊನೆಗೆ ಟಕಟಕ, ಟಕಟಕ ಎಂದು ಮಗುವಿನ ಎದೆಬಡಿತ ಕೋಣೆಯ ತುಂಬ ಕೇಳಿಸಿತು. ಹೋದ ಜೀವ ಬಂದಂತಾಗಿ ಸೊಸೆ ಗಳಗಳನೆ ಅತ್ತುಬಿಟ್ಟಳು.

ಡಾಕ್ಟರು ಬಂದು ಸ್ಕ್ಯಾನ್ ಮಾಡಿದರು. ಗರ್ಭದ ನೀರು ತೀರಾ ಇಳಿದಿತ್ತು. "ಮಗು ಚೆನ್ನಾಗಿ ಬೆಳೆದಿದೆ, ಎರಡೂವರೆ ಕೆಜಿ ಇದೆ. ಇವತ್ತೇ ಹೊರಗೆ ತೆಗೆಯೋಣ, ಇನ್ನು ಕಾಯೋದು ಬೇಡ," ಎಂದರು.

ಸೊಸೆಯನ್ನು ಆಪರೇಷನ್ ಕೋಣೆಗೆ ಕರೆದೊಯ್ದ ಮೇಲೂ ಅತ್ತೆ ಖಾಲಿ ಮಂಚದ ಪಕ್ಕದಲ್ಲೇ ನಿಂತಿದ್ದರು.

"ಏನೂ ಆಗಲ್ಲಮ್ಮ, ಧೈರ್ಯವಾಗಿರಿ," ಎಂದರು ಸಿಸ್ಟರ್.

"ನನ್ನ ಮಗನಿಗಿಂತ ಮುಂಚೆ ಒಂದು ಹೆಣ್ಣಿತ್ತು, ಸಿಸ್ಟರೇ. ಅದೂ ಹೀಗೇ ಸುಮ್ಮನಾಗಿತ್ತು. ನಿದ್ದೆ ಮಾಡ್ತಿದೆ ಅಂದ್ರು ನಮ್ಮತ್ತೆ. ಸತ್ತೇ ಹುಟ್ತು. ಇಷ್ಟು ವರ್ಷ ಹಣೆಬರಹ ಅಂದ್ಕೊಂಡಿದ್ದೆ."

ಸಿಸ್ಟರ್ ಅವರ ಕೈ ಹಿಡಿದುಕೊಂಡರು.

"ಅವತ್ತೇ ಯಾರಾದ್ರೂ ಇಂಥ ಕಡೆ ಕರ್ಕೊಂಡು ಬಂದಿದ್ರೆ," ಅತ್ತೆ ಆರಿಸಿಟ್ಟ ಯಂತ್ರದ ಕಡೆ ನೋಡುತ್ತಾ ಕೇಳಿದರು, "ಅದರ ಎದೇನೂ ಹೀಗೇ ಹೊಡ್ಕೊಳ್ತಿತ್ತಾ?"