ಏಳೂವರೆ ಮೀಟರಿನಲ್ಲಿ

ಭಾನುವಾರ ಬೆಳಿಗ್ಗೆ, ಪೈಪು ಪರೀಕ್ಷಿಸಲು ಹೊರಗಿನ ಕಂಪನಿಯಿಂದ ಬಂದಿದ್ದ ಪ್ರಿಯಾಂಕಳ ಲ್ಯಾಪ್‌ಟಾಪಿನಲ್ಲಿ ಇರಬಾರದ ಜಾಗದಲ್ಲೊಂದು ಗೆರೆ ಎದ್ದಿತು. ಗೌರಿಬಿದನೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಬಾಯ್ಲರ್ ರೂಮಿನಲ್ಲಿ, ತಣ್ಣಗಾದ ಸ್ಟೀಮ್ ಪೈಪಿನ ಬುಡಕ್ಕೆ ಅವಳು ಬಳೆಯಂಥ ಪಟ್ಟಿ ಬಿಗಿದಿದ್ದಳು. ಪಟ್ಟಿಯಿಂದ ಹೊರಟ ಅಲೆ ಪೈಪಿನ ಲೋಹದೊಳಗೇ ಓಡಿ, ಬೆಸುಗೆಯೋ ತುಕ್ಕೋ ಎದುರಾದರೆ ತಿರುಗಿ ಬಂದು ಹೇಳುತ್ತದೆ. ಪೈಪಿನ ಹೊದಿಕೆ ಪೂರಾ ಬಿಚ್ಚುವ ರಗಳೆಯಿಲ್ಲ. ಏಳೂವರೆ ಮೀಟರಿನಲ್ಲಿ ಎದ್ದದ್ದು ತುಕ್ಕಿನ ಗೆರೆ. ಗೋಡೆಯಾಚೆ ಸರಿಯಾಗಿ ಅದರ ಕೆಳಗೆ ಇಸ್ತ್ರಿ ಮೇಜುಗಳು. ಸೋಮವಾರ ಎಂಟು ಗಂಟೆಗೆ ಅಲ್ಲಿ ಅರವತ್ತು ಹೆಂಗಸರು ನಿಲ್ಲುವವರಿದ್ದರು.

ಮ್ಯಾನೇಜರ್ ಮುರಳಿಮೋಹನ್‌ಗೆ ಸೋಮವಾರಕ್ಕಿಂತ ಗುರುವಾರದ ಚಿಂತೆ. ಅವತ್ತು ಕಂಟೇನರ್ ಹೊರಡಬೇಕು. ಪೈಪು ಬದಲಾಯಿಸುತ್ತ ಕೂತರೆ ವಾರ ಹೋಗುತ್ತದೆ. ಅದು ತುಕ್ಕಲ್ಲ, ಬೆಸುಗೆ ಎಂದು ರಿಪೋರ್ಟಿನಲ್ಲಿ ಬರೆ ಎಂದ. ಹೊದಿಕೆಯ ತಗಡು ಎಷ್ಟು ಹೊಳೆಯುತ್ತಿದೆ ನೋಡು ಎಂದ. ಹೊಳೆಯುತ್ತಿದ್ದುದು ನಿಜ. ಪ್ರತಿ ಆಯುಧಪೂಜೆಗೆ ಅದನ್ನು ತಿಕ್ಕಿ ತೊಳೆದು ವಿಭೂತಿ ಬಳಿಯುತ್ತಿದ್ದರು. ಪೂಜೆ ತಗಡಿನ ಮೇಲೆಯೇ ಉಳಿಯಿತು, ತೊಳೆದ ನೀರು ಮಾತ್ರ ವರ್ಷ ವರ್ಷವೂ ಸಂದಿಯಿಂದ ಒಳಗಿಳಿದಿತ್ತು.

ಬೆಸುಗೆ ಹಾಕಿದವರು ಬರೆದುಕೊಡಲಿ, ಬರೆಯುತ್ತೇನೆ ಎಂದಳು ಪ್ರಿಯಾಂಕ. ಹಾಗೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದಳು. ಮುರಳಿಮೋಹನ್ ಫಿಟ್ಟರ್ ಆವುಲಪ್ಪನನ್ನು ಕರೆಸಿದ.

ಹತ್ತೊಂಬತ್ತು ವರ್ಷದ ಹಿಂದೆ ಆ ಪೈಪು ಕೂಡಿಸಿದವನು ಆವುಲಪ್ಪನೇ. ಈಗ ನಿವೃತ್ತಿಯ ವಯಸ್ಸು ದಾಟಿತ್ತು; ಇನ್ನೊಂದು ವರ್ಷ ಕೆಲಸದಲ್ಲಿ ಇಟ್ಟುಕೊಳ್ಳುವ ಕಾಗದ ಮ್ಯಾನೇಜರನ ಸಹಿಗೆ ಕಾದಿತ್ತು. ಆ ಕಾಗದವನ್ನೂ, ಏಳೂವರೆ ಮೀಟರಿನಲ್ಲಿ ಬೆಸುಗೆ ಹಾಕಿದ್ದು ನಾನೇ ಎಂಬ ಇನ್ನೊಂದು ಕಾಗದವನ್ನೂ ಮುರಳಿಮೋಹನ್ ಪಕ್ಕಪಕ್ಕದಲ್ಲಿಟ್ಟ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಇಂಥವರು ಹೇಳುವುದೂ ಇಲ್ಲ.

ಆವುಲಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದ.

“ಲೇದು ಸಾರ್. ಪೈಪು ಬರೋದೇ ಆರಾರು ಮೀಟ್ರು. ಆರಕ್ಕೊಂದು ಜಾಯಿಂಟು, ಹನ್ನೆರಡಕ್ಕೊಂದು. ಮಧ್ಯದಲ್ಲಿ ನಾನ್ಯಾಕೆ ಕುಯ್ದು ಬೆಸೀಲಿ?”

“ಹಳೇ ಮಾತು. ಮರೆತಿರ್ತೀಯ.”

“ನಾನು ಹಾಕಿದ ಬೆಸುಗೆ ನಾನು ಮರೆಯಲ್ಲ.” ಆಮೇಲೆ ಪ್ರಿಯಾಂಕಳ ಕಡೆ ತಿರುಗಿ ದನಿ ತಗ್ಗಿಸಿದ. “ಹಬ್ಬಕ್ಕೆ ನೀರು ಎರಚಿ ತೊಳೆದೋನೂ ನಾನೇ ಕಣಮ್ಮ. ಅದನ್ನೂ ಮರೆಯಲ್ಲ.”

ಹಾಗಾದರೆ ಮಿಷನ್ನೇ ಸುಳ್ಳು ಎಂದ ಮುರಳಿಮೋಹನ್. ಇಲ್ಲಿ ಕೂತು ಗೋಡೆಯಾಚೆಯದನ್ನು ಕಾಣುವುದಕ್ಕೆ ಇವಳೇನು ಶಾಸ್ತ್ರ ಹೇಳುವವಳೇ ಎಂದು ನಕ್ಕ. ಪ್ರಿಯಾಂಕ ರಿಪೋರ್ಟು ತಿದ್ದುವುದಿಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಬರೆದುಕೊಡುವ ಕಂಪನಿಗಳು ಬೇಕಾದಷ್ಟಿವೆ, ನಾಳೆ ಬಾಯ್ಲರ್ ಹೊತ್ತಿಯೇ ಹೊತ್ತುತ್ತದೆ ಎಂದ ಅವನು.

ಆವುಲಪ್ಪ ಏಣಿ ಹೊತ್ತು ಗೋಡೆಯಾಚೆ ಹೋದ. ಪ್ರಿಯಾಂಕ ಟೇಪು ಹಿಡಿದು ಜಾಗ ತೋರಿಸಿದಳು. ಅವನು ಏಣಿ ಹತ್ತಿ ತಗಡು ಬಿಚ್ಚಿದ, ಪೈಪಿಗೆ ಅಂಟಿಕೊಂಡಿದ್ದ, ಶಾಖ ತಡೆಯುವ ಗ್ಲಾಸ್‌ವೂಲನ್ನು ಕಿತ್ತೆಸೆದ. ತುಕ್ಕಿನ ಹಕ್ಕಳೆಗಳು ಇಸ್ತ್ರಿ ಮೇಜಿನ ಬಿಳಿ ಬಟ್ಟೆಯ ಮೇಲೆ ಉದುರಿದವು. ಇಳಿ, ಇಳಿ ಎಂದು ಮುರಳಿಮೋಹನ್ ಕೆಳಗಿನಿಂದ ಗದರುತ್ತಲೇ ಇದ್ದ. ಆವುಲಪ್ಪ ಸ್ಕ್ರೂಡ್ರೈವರನ್ನು ಪೈಪಿಗೆ ಊರಿ, ಅದರ ಹಿಡಿಗೆ ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿದ. ಹಿಡಿಯವರೆಗೂ ಒಳಗೆ ಹೋಯಿತು.

ಮೊದಲು ಬಾಯಿ ಬಂದದ್ದು ಮುರಳಿಮೋಹನ್‌ಗೆ.

“ಕಂಪನಿ ಆಸ್ತಿ ಹಾಳು ಮಾಡಿದ್ದೀಯ. ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ.”

ಆವುಲಪ್ಪ ಏಣಿಯ ಮೇಲಿನಿಂದಲೇ ಕಾಗದಕ್ಕೆ ಕೈ ಚಾಚಿದ.

“ಕೊಡಿ ಸಾರ್. ಸ್ಟೀಮ್ ಪೈಪಿಗೆ ಆವುಲಪ್ಪ ಸ್ಕ್ರೂಡ್ರೈವರಲ್ಲಿ ತೂತು ಮಾಡಿದ ಅಂತ ಬರೀರಿ. ಅದಕ್ಕೆ ಸಹಿ ಹಾಕ್ತೀನಿ.”