ಗೆರೆ ತಪ್ಪಿದ ಚೆಂಡು

ಹುಬ್ಬಳ್ಳಿಯ ಬೇಸ್‌ಬಾಲ್ ಮೈದಾನದಲ್ಲಿ ಬರಿಗಣ್ಣಿನಿಂದ ಆಡುವವರು ಯಾರೂ ಉಳಿದಿರಲಿಲ್ಲ. ಎಸೆಯುವವಳ ಕೈಯಿಂದ ಚೆಂಡು ಹೊರಟ ಕೂಡಲೇ, ಅದು ಬರಲಿರುವ ದಾರಿಯನ್ನು ಕಣ್ಣೊಳಗಿನ ಲೆನ್ಸ್ ಹಸಿರು ಗೆರೆ ಎಳೆದು ತೋರಿಸುತ್ತಿತ್ತು. ಕಸ್ತೂರಿ ಆ ಗೆರೆಯನ್ನು ನಂಬಿ ಬ್ಯಾಟ್ ಬೀಸುತ್ತಿದ್ದಳು. ಒಂಬತ್ತು ವರ್ಷಗಳಿಂದ ಅವಳ ಲೆನ್ಸನ್ನು ಹದಮಾಡಿ ಕಣ್ಣಿಗಿಡುತ್ತಿದ್ದವಳು ಅಕ್ಕ ಗಿರಿಜಾ.

ಅಂದು ರಾಜ್ಯ ತಂಡದ ಆಯ್ಕೆ. ಉಳಿದದ್ದು ಒಂದೇ ಜಾಗ. ಕಸ್ತೂರಿ ಮೂರು ಎಸೆತ ತಪ್ಪಿದರೆ ಆ ಜಾಗಕ್ಕಾಗಿ ಆಡುವ ಸರದಿ ಗಿರಿಜಾಳ ಮಗಳು ಪವಿತ್ರಾಳದು.

ಮೊದಲ ಎಸೆತದ ಗೆರೆ ಸೊಂಟದೆತ್ತರಕ್ಕಿತ್ತು. ಚೆಂಡು ಮಾತ್ರ ಗೇಣುದ್ದ ಕೆಳಗೆ ಹಾದುಹೋಯಿತು. ಎರಡನೆಯದೂ ಹಾಗೆಯೇ. ತಬ್ಬಿಬ್ಬಾದ ಕಸ್ತೂರಿ ಅಕ್ಕನತ್ತ ತಿರುಗಿದಳು. ಗಿರಿಜಾ ಆಗಲೇ ಮಗಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ಕಸ್ತೂರಿಗೆ ಅರ್ಥವಾಯಿತು. ಲೆನ್ಸ್ ತೆಗೆದು ಜೇಬಿಗಿಳಿಸಿ, ಮೂರನೆಯದನ್ನು ಬರಿಗಣ್ಣಿನಲ್ಲೇ ಎದುರಿಸಿದಳು. ಅರ್ಧ ದಾರಿಯವರೆಗೆ ಕಂಡ ಚೆಂಡು ಆಮೇಲೆ ಕಾಣಲೇ ಇಲ್ಲ. ಬ್ಯಾಟ್ ಗಾಳಿಯನ್ನಷ್ಟೇ ಸೀಳಿತು.

ಹೊರಬಂದವಳೇ ಅಕ್ಕನ ಮುಂದೆ ನಿಂತಳು. "ಲೆನ್ಸ್ ನೀನ ಕೆಡಿಸೀದಿ, ಹೌದಿಲ್ಲೋ?"

"ನಿನಗ ಎಂಟ ಸಲ ಜಾಗ ಸಿಕ್ಕೈತಿ," ಎಂದಳು ಗಿರಿಜಾ, ತಲೆಯೆತ್ತದೆ. "ನನ್ನ ಮಗಳಿಗೆ ಒಂದ ಸಲಾನೂ ಬ್ಯಾಡೇನು?"

"ಕೇಳಿದ್ರ ನಾನ ಬಿಟ್ಟುಕೊಡ್ತಿದ್ನಲ್ಲ ಅಕ್ಕಾ!"

ಗಿರಿಜಾ ಮೆಲ್ಲಗೆ ಕೈ ಚಾಚಿದಳು. "ತಾ ಇಲ್ಲೆ, ಲೆನ್ಸ್ ಸರಿಮಾಡಿ ಕೊಡ್ತೀನಿ."

"ಬ್ಯಾಡ," ಎಂದಳು ಕಸ್ತೂರಿ. "ಇನ್ನ ನನ್ನ ಕಣ್ಣ ನೀ ಮುಟ್ಟಬ್ಯಾಡ."